ಹಳೆಯ ವೈಡ್ ಆಂಗಲ್ ಲೆನ್ಸ್ ಕೊಳ್ಳುವ ಮುನ್ನ: ಶಿವಮೊಗ್ಗದ ಕ್ಯಾಮೆರಾ ರಿಪೇರಿಯವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಕ್ಕೆ ಕಡಿಮೆ ಬೆಲೆಯ ಹಳೆಯ ವೈಡ್ (ಅಗಲ ನೋಟದ) ಲೆನ್ಸ್ ಆರಿಸುವ ಬಗ್ಗೆ ಗುಂಪಿನಲ್ಲಿ ಬಿಡಿಬಿಡಿಯಾಗಿ ಪ್ರಶ್ನೆಗಳು ಬರುತ್ತಿದ್ದುದರಿಂದ, ಶಿವಮೊಗ್ಗದಲ್ಲಿ ಲೆನ್ಸ್ ರಿಪೇರಿ ಮಾಡುವ ನಮ್ಮ ಸದಸ್ಯರು ಇಂದು ಮಧ್ಯಾಹ್ನ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಯೊಂದಿಗೆ ಕ್ಯಾಮೆರಾ ಯಾವುದೆಂದು ತಪ್ಪದೆ ಬರೆಯಿರಿ.

ಭದ್ರಾವತಿಯ ಸದಸ್ಯ: ನಮಸ್ಕಾರ ಸರ್. ನನ್ನ ಬಳಿ ಸೋನಿಯ ಫುಲ್‌ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ಹಳೆಯ ಫಿಲ್ಮಿನಷ್ಟೇ ದೊಡ್ಡದಿರುವ) ಕ್ಯಾಮೆರಾ ಇದೆ. ಹತ್ತು ಸಾವಿರ ರೂಪಾಯಿಯೊಳಗೆ ಯಾವ ಹಳೆಯ ವೈಡ್ ಲೆನ್ಸ್ ಕೊಳ್ಳಬಹುದು?

ರಿಪೇರಿಯವರು: ನಮಸ್ಕಾರ. 28 ಎಂಎಂ ಎಫ್2.8 ನೋಡಿ. (ಎಂಎಂ ಎಂದರೆ ಫೋಕಲ್ ಲೆಂತ್, ಅದು ಕಡಿಮೆಯಾದಷ್ಟೂ ನೋಟ ಅಗಲ; ಎಫ್ ಎಂದರೆ ಬೆಳಕು ಬಿಡುವ ಕಿಂಡಿಯಾದ ಅಪರ್ಚರಿನ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು.) ಮಿನೋಲ್ಟಾ ಎಂಡಿ, ಕ್ಯಾನನ್ ಎಫ್‌ಡಿ, ಪೆಂಟಾಕ್ಸ್ ಎಂ, ಇವುಗಳಲ್ಲಿ ಯಾವುದಾದರೂ ಸರಿ. ಒಲಿಂಪಸ್ ಓಎಂನ 28 ಎಫ್3.5 ಸಹ ಚಿಕ್ಕದು, ಒಳ್ಳೆಯದು. ಫಿಲ್ಮ್ ಕಾಲದಲ್ಲಿ 28 ಎಂಎಂ ಬಹಳ ಸಂಖ್ಯೆಯಲ್ಲಿ ತಯಾರಾದ್ದರಿಂದ ಇಂದಿಗೂ ಅಗ್ಗವಾಗಿ ಸಿಗುತ್ತದೆ. 24ಕ್ಕೆ ಬೆಲೆ ಏರುತ್ತದೆ, 20ಕ್ಕೆ ನಿಮ್ಮ ಹತ್ತು ಸಾವಿರ ಸಾಲದು. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿ ಮೇಲೇಳಲು ಜಾಗ ಬೇಕಿದ್ದುದರಿಂದ ಲೆನ್ಸು ಫಿಲ್ಮಿನಿಂದ ದೂರ ಕೂರುತ್ತಿತ್ತು: ನಿಕಾನ್ ಎಫ್‌ನಲ್ಲಿ 46.5 ಮಿಲಿಮೀಟರ್, ಮಿನೋಲ್ಟಾದಲ್ಲಿ 43.5, ಕ್ಯಾನನ್ ಎಫ್‌ಡಿಯಲ್ಲಿ 42. ನಿಮ್ಮ ಸೋನಿಯಲ್ಲಿ ಆ ಅಂತರ 18 ಮಾತ್ರ. ನಡುವಿನ ಜಾಗವನ್ನು ತುಂಬಲು ಒಳಗೆ ಗಾಜಿಲ್ಲದ ಒಂದು ಟೊಳ್ಳು ಅಡಾಪ್ಟರ್ ಸಾಕು. ಬ್ರಾಂಡ್ ಹೆಸರಿಗಿಂತ ಒಳಗಿನ ಗಾಜು ಸ್ವಚ್ಛವಾಗಿದೆಯೇ ಎಂಬುದೇ ನಮ್ಮ ಊರುಗಳಲ್ಲಿ ಮುಖ್ಯ.

ಸಾಗರದ ಸದಸ್ಯ: ಜೋಗವನ್ನು ಪೂರ್ತಿಯಾಗಿ ಹಿಡಿಯಲು 20 ಎಂಎಂ ಬೇಕೆಂದು ಹೇಳುತ್ತಾರೆ, ನಿಜವೇ?

ರಿಪೇರಿಯವರು: ಬೇಡ. 253 ಮೀಟರ್ ಎತ್ತರದ ಜಲಪಾತವನ್ನು ಕಣಿವೆಯ ಆಚೆ ಬದಿಯ ವೀಕ್ಷಣಾ ಸ್ಥಳದಿಂದ 20ರಲ್ಲಿ ತೆಗೆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಿಳಿ ಗೆರೆಗಳಾಗಿ ಕಾಣುತ್ತವೆ. ಅಲ್ಲಿಗೆ 35 ಅಥವಾ 50 ಒಯ್ಯಿರಿ.

ಹೊಸನಗರದ ಸದಸ್ಯೆ: ಸರ್, ನಮ್ಮ ಮಾವನವರ ಟ್ರಂಕಿನಲ್ಲಿ ಚರ್ಮದ ಚೀಲದೊಳಗೆ ಮಿನೋಲ್ಟಾ ಎಂಡಿ 28 ಎಂಎಂ ಎಫ್2.8 ಲೆನ್ಸ್ ಸಿಕ್ಕಿದೆ. ಬೆಳಕಿಗೆ ಹಿಡಿದರೆ ಒಳಗೆ ಬಿಳಿಯ ಗುರುತುಗಳು ಕಾಣುತ್ತವೆ. ನಡುಬಿಸಿಲಿನಲ್ಲಿ ಮುಚ್ಚಳ ತೆಗೆದು ಮೂರು ದಿನ ಇಟ್ಟು, ಆಮೇಲೆ ನುಸಿ ಗುಳಿಗೆಗಳೊಂದಿಗೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಫಂಗಸ್ ಸಾಯುತ್ತದೆ ಎಂಬ ಸಂದೇಶ ಬಂದಿದ್ದರಿಂದ ಬೆಳಗ್ಗೆಯಿಂದ ಅಂಗಳದಲ್ಲಿಟ್ಟಿದ್ದೇನೆ. ಆಸ್ತಿ ಪಾಲಾಗಿರುವುದರಿಂದ ನಮ್ಮ ತೊಟ್ಟಿ ಮನೆಯನ್ನು ದೀಪಾವಳಿಯ ನಂತರ ಬಿಚ್ಚುತ್ತಾರೆ. ಅದಕ್ಕೂ ಮೊದಲು ಒಳಗಿನ ಎಲ್ಲ ಕೋಣೆಗಳ ಚಿತ್ರ ತೆಗೆದಿಡಬೇಕೆಂಬ ಆಸೆ. ನನ್ನದು ಸೋನಿಯ ಎಪಿಎಸ್-ಸಿ (ಫುಲ್‌ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ, ಜೊತೆಗೆ ಬಂದ 16-50 ಜೂಮ್ ಲೆನ್ಸ್ ಇದೆ. ಈ 28 ಸರಿಹೋಗುತ್ತದೆಯೇ, ಅಥವಾ ಎಂಟು ಸಾವಿರದೊಳಗೆ ಇನ್ನೊಂದು 28 ಕೊಳ್ಳಲೇ?

ರಿಪೇರಿಯವರು: ಮೇಡಂ, ಮೊದಲು ಆ ಲೆನ್ಸನ್ನು ಒಳಗೆ ತನ್ನಿ, ಉಳಿದದ್ದನ್ನು ಆಮೇಲೆ ಓದಿ. ಮುಚ್ಚಳ ತೆಗೆದ ಲೆನ್ಸು ಸೂರ್ಯನನ್ನು ಒಂದು ಬಿಂದುವಿಗೆ ತಂದು ನಿಲ್ಲಿಸುತ್ತದೆ. ಅಡಿಯಲ್ಲಿ ಬಟ್ಟೆಯೋ ಚಾಪೆಯೋ ಇದ್ದರೆ ಹೊತ್ತಿಕೊಳ್ಳುತ್ತದೆ. ಕಾವಿಗೆ ಒಳಗಿನ ಗ್ರೀಸ್ ಕರಗಿ ಅದರ ಎಣ್ಣೆ ಅಪರ್ಚರ್ ಎಲೆಗಳ ಮೇಲೆ ಹರಿಯುತ್ತದೆ. ಫಂಗಸ್ ಸತ್ತರೂ ಅದು ಗಾಜಿನ ಮೇಲೆ ಬಿಟ್ಟ ಬಳ್ಳಿ ಹಾಗೆಯೇ ಉಳಿಯುತ್ತದೆ. ಅದು ಒಸರಿಸುವ ಆಮ್ಲ ಗಾಜಿನ ಮೇಲಿನ ತೆಳು ಲೇಪವಾದ ಕೋಟಿಂಗನ್ನು ಕೊರೆದಿದ್ದರೆ ಬಿಸಿಲಾಗಲಿ ನಾನಾಗಲಿ ಅದನ್ನು ಮರಳಿಸಲಾರೆವು. ನುಸಿ ಗುಳಿಗೆಯ ಮಾತಂತೂ ಬೇಡವೇ ಬೇಡ: ಅದು ಆವಿಯಾಗಿ ಮುಚ್ಚಿದ ಡಬ್ಬಿಯಲ್ಲಿ ತಂಪಾದ ಗಾಜಿನ ಮೇಲೆ ಪದರವಾಗಿ ಕೂರಬಲ್ಲದು, ಕರ್ಪೂರವೂ ಹಾಗೆಯೇ. ಈ ಬಿಸಿಲಿನ ಮದ್ದು ಎಲ್ಲಿಂದ ಬಂತೆಂದು ನನಗೆ ಗೊತ್ತು. ಥೋರಿಯಂ ಬೆರೆಸಿದ ಗಾಜಿನ ಕೆಲವು ಹಳೆಯ ಲೆನ್ಸ್‌ಗಳು ವರ್ಷಗಳು ಕಳೆದಂತೆ ಹಳದಿಯಾಗುತ್ತವೆ, ಆ ಹಳದಿಯನ್ನು ಅತಿನೇರಳೆ ಬೆಳಕು ನಿಜವಾಗಿಯೂ ಇಳಿಸುತ್ತದೆ. ಆ ರೋಗದ ಮದ್ದನ್ನು ಯಾರೋ ಈ ರೋಗಕ್ಕೆ ಬರೆದುಕೊಟ್ಟು ಊರೆಲ್ಲ ಹಂಚಿದ್ದಾರೆ.

ಈಗ ಪರೀಕ್ಷೆ ಮಾಡಿ. ಅಪರ್ಚರನ್ನು 2.8ಕ್ಕೆ ತಿರುಗಿಸಿ, ಕತ್ತಲ ಕೋಣೆಯಲ್ಲಿ ಹಿಂಬದಿಯಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಕವಲೊಡೆದ ನೂಲಿನಂತಿದ್ದರೆ ಫಂಗಸ್. ಇಡೀ ಗಾಜಿಗೆ ತೆಳು ಮಂಜು ಕವಿದಂತಿದ್ದರೆ ಅದು ಗ್ರೀಸಿನ ಆವಿ ಕೂತದ್ದು, ಬಿಚ್ಚಿ ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವಿದ್ದರೆ ಎರಡು ಗಾಜುಗಳ ನಡುವಿನ ಅಂಟು ಬಿಟ್ಟಿದೆ ಎಂದರ್ಥ, ಅದಕ್ಕೆ ಹಣ ಹಾಕಬೇಡಿ. ಬಿಡಿಬಿಡಿ ಧೂಳಿನ ಕಣಗಳಿಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಚರ್ಮದ ಚೀಲವನ್ನು ನೆನಪಿಗಾಗಿ ಇಟ್ಟುಕೊಳ್ಳಿ, ಆದರೆ ಲೆನ್ಸನ್ನು ಮತ್ತೆ ಅದರಲ್ಲಿಡಬೇಡಿ. ಚರ್ಮ ತೇವವನ್ನೂ ಹಿಡಿಯುತ್ತದೆ, ಫಂಗಸ್ಸಿಗೆ ಆಹಾರವೂ ಆಗುತ್ತದೆ.

ಇನ್ನು ಮನೆಯ ಮಾತು. ಎಪಿಎಸ್-ಸಿ ಸೆನ್ಸರಿನಲ್ಲಿ 28 ಎಂಎಂ ವೈಡ್ ಲೆನ್ಸ್ ಅಲ್ಲ, ಫುಲ್‌ಫ್ರೇಮಿನ 42ರಷ್ಟು ಮಾತ್ರ ನೋಟ ಕೊಡುತ್ತದೆ. ಗೋಡೆಯಿಂದ ಹತ್ತು ಅಡಿ ದೂರ ನಿಂತರೆ ಫುಲ್‌ಫ್ರೇಮಿನಲ್ಲಿ 28ಕ್ಕೆ ಸುಮಾರು 13 ಅಡಿ ಅಗಲದ ಗೋಡೆ ಸಿಗುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಅದೇ ಲೆನ್ಸಿಗೆ ಎಂಟೂವರೆ ಅಡಿಯೂ ದಕ್ಕುವುದಿಲ್ಲ. ಆದರೆ ನಿಮ್ಮ ಬಳಿ ಈಗಾಗಲೇ ಇರುವ 16-50ರ 16ರ ತುದಿಯಲ್ಲಿ 14 ಅಡಿ ಮೀರಿ ಸಿಗುತ್ತದೆ. ಪಡಸಾಲೆಯಲ್ಲಿ ಹೇಗೋ ಹಿಂದೆ ಸರಿಯಬಹುದು, ದೇವರ ಕೋಣೆಯಲ್ಲೂ ಉಗ್ರಾಣದಲ್ಲೂ ಎಲ್ಲಿಗೆ ಸರಿಯುತ್ತೀರಿ? ಮುಂಡಿಗೆಗಳು ನೆಟ್ಟಗೆ ಕಾಣಬೇಕಾದ ಚಿತ್ರಗಳಿವು. 16-50ರಲ್ಲಿ ನೇರ ಗೆರೆಗಳು ಬಾಗಿ ಕಾಣುವ ದೋಷವನ್ನು ಕ್ಯಾಮೆರಾವೇ ತಿದ್ದುತ್ತದೆ, ಹಳೆಯ ಲೆನ್ಸಿನ ಬಾಗನ್ನು ನೀವೇ ಕೂತು ತಿದ್ದಬೇಕು. ಇನ್ನೊಂದು ತೊಡಕೂ ಇದೆ. ತೊಟ್ಟಿಯಲ್ಲಿ ಕಣ್ಣು ಕುಕ್ಕುವ ಬೆಳಕು, ಸುತ್ತ ಕಪ್ಪು ಮರ ಮತ್ತು ಕತ್ತಲು. ಒಳಗೆ ಮಂಜು ಕೂತ ಲೆನ್ಸಿನ ದೋಷ ಬಯಲಾಗುವುದೇ ಇಂಥ ಕಡೆ, ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಆದ್ದರಿಂದ ಆ ಎಂಟು ಸಾವಿರವನ್ನು ಲೆನ್ಸಿಗೆ ಹಾಕಬೇಡಿ. ಅದರಲ್ಲಿ ಅಲುಗಾಡದ ಒಂದು ಟ್ರೈಪಾಡ್ ಕೊಳ್ಳಿ, 16-50ರಲ್ಲಿ ಎಫ್8 ಇಟ್ಟು, ಕ್ಯಾಮೆರಾವನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ ಮಟ್ಟವಾಗಿ ನಿಲ್ಲಿಸಿ, ಒಂದೇ ನೋಟವನ್ನು ತೊಟ್ಟಿಯ ಬೆಳಕಿಗೊಮ್ಮೆ, ಒಳಗಿನ ಕತ್ತಲಿಗೊಮ್ಮೆ ಬೇರೆ ಬೇರೆ ಎಕ್ಸ್‌ಪೋಶರಿನಲ್ಲಿ ತೆಗೆಯಿರಿ. ಮಾವನವರ 28ನ್ನು ಸ್ವಚ್ಛಗೊಳಿಸಿದರೆ ಬಾಗಿಲ ಕೆತ್ತನೆ, ನಾಗಂದಿಗೆ, ಮನೆಯವರ ಮುಖ, ಇಂಥವಕ್ಕೆ ಚೆನ್ನಾಗಿ ಒದಗುತ್ತದೆ. ಟಾರ್ಚಿನಲ್ಲಿ ಏನು ಕಂಡಿತೆಂದು ಇಲ್ಲೇ ಬರೆಯಿರಿ.

ತೀರ್ಥಹಳ್ಳಿಯ ಸದಸ್ಯ: ಸರ್ ಅವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, 28 ಎಂಎಂ ಲೆನ್ಸು ಯಾವ ಕ್ಯಾಮೆರಾಕ್ಕೆ ಹಾಕಿದರೂ 28 ಎಂಎಂ ಆಗಿಯೇ ಇರುತ್ತದೆ. ಅದು 42 ಆಗುತ್ತದೆಂದು ಹೇಳಿ ಹೊಸಬರನ್ನು ಗೊಂದಲಕ್ಕೆ ದೂಡಬಾರದು.

ಶಿಕಾರಿಪುರದ ಸದಸ್ಯ: 42 ಆಗುತ್ತದೆಂದು ಅವರು ಬರೆದೇ ಇಲ್ಲ, 42ರಷ್ಟು ನೋಟ ಕೊಡುತ್ತದೆಂದು ಬರೆದಿದ್ದಾರೆ. ಪೂರ್ತಿ ಓದಿ ಉತ್ತರಿಸುವುದು ಒಳ್ಳೆಯದು.

ತೀರ್ಥಹಳ್ಳಿಯ ಸದಸ್ಯ: ನಾನು ಪೂರ್ತಿಯಾಗಿಯೇ ಓದಿದ್ದೇನೆ. ಹಾಗಾದರೆ ಎಫ್2.8 ಸಹ 4.2 ಆಗುತ್ತದೆಯೇ, ತಿಳಿದವರು ಹೇಳಬೇಕು.

ಶಿಕಾರಿಪುರದ ಸದಸ್ಯ: ಎಕ್ಸ್‌ಪೋಶರಿಗೆ ಅದು 2.8 ಆಗಿಯೇ ಉಳಿಯುತ್ತದೆ. ಅದೇ ನೋಟಕ್ಕೆ ಹಿನ್ನೆಲೆ ಮಸುಕಾಗುವ ಪ್ರಮಾಣ ಮಾತ್ರ ಫುಲ್‌ಫ್ರೇಮಿನ 4.2ರ ಹಾಗೆ ಇರುತ್ತದೆ. ಇಷ್ಟು ತಿಳಿಯದವರು ವಾದಕ್ಕೆ ಇಳಿಯಬಾರದು.

ರಿಪೇರಿಯವರು: ಇಬ್ಬರೂ ಒಂದೇ ಮಾತನ್ನು ಎರಡು ಬದಿಯಿಂದ ಹೇಳುತ್ತಿದ್ದೀರಿ. ಫೋಕಲ್ ಲೆಂತ್ ಬದಲಾಗುವುದಿಲ್ಲ, ಸೆನ್ಸರ್ ಕತ್ತರಿಸಿಕೊಳ್ಳುವ ಭಾಗ ಬದಲಾಗುತ್ತದೆ. ಮುಂದಿನ ಪ್ರಶ್ನೆ.

ಕೊಪ್ಪದ ಸದಸ್ಯ: ನನ್ನದು ಮೈಕ್ರೋ ಫೋರ್ ಥರ್ಡ್ಸ್ (ಎಪಿಎಸ್-ಸಿಗಿಂತಲೂ ಚಿಕ್ಕ ಸೆನ್ಸರಿನ) ಕ್ಯಾಮೆರಾ. ಒಲಿಂಪಸ್ ಓಎಂ 24 ಎಂಎಂ ಎಫ್2.8 ಕೊಂಡರೆ ಹೇಗೆ?

ಆಗುಂಬೆಯ ಸದಸ್ಯ: ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ನಮ್ಮೂರಿನಲ್ಲಿ ಹಳೆಯ ಲೆನ್ಸ್ ಕೊಳ್ಳುವುದೇ ತಪ್ಪೋ ಏನೋ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೂಷ್ಟು ಹಿಡಿಯುವುದಿಲ್ಲವೆಂದು ಹಿರಿಯರು ಹೇಳುತ್ತಾರೆ; ಅಕ್ಕಿ ಡಬ್ಬಿಯಲ್ಲಿಡಿ ಎಂದು ಒಂದು ಸಂದೇಶವೂ ಬಂದಿದೆ.

ರಿಪೇರಿಯವರು: ಅಟ್ಟದಲ್ಲಿ ಬೂಷ್ಟು ಹಿಡಿಯಲಿಕ್ಕಿಲ್ಲ, ಹೊಗೆಯ ಜಿಡ್ಡು ಹಿಡಿಯುತ್ತದೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ಅಕ್ಕಿ ಹೀರುವ ತೇವ ಅತ್ಯಲ್ಪ, ಅದರ ಹಿಟ್ಟು ಫೋಕಸ್ ಉಂಗುರದೊಳಗೆ ಹೋಗುತ್ತದೆ. ಹಿಂದೆ ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸುತ್ತಿದ್ದ ಕ್ರಮಕ್ಕಾದರೂ ಅರ್ಥವಿತ್ತು, ಏಕೆಂದರೆ ಕಾವು ಏರಿದರೆ ಗಾಳಿಯ ಸಾಪೇಕ್ಷ ತೇವಾಂಶ ಇಳಿಯುತ್ತದೆ; ಈಗ ಎಲ್ಇಡಿ ಹಾಕಿ ಅದೇ ಫಲ ಬೇಕೆನ್ನುವವರಿದ್ದಾರೆ, ಅದರಲ್ಲಿ ಕಾವೆಲ್ಲಿದೆ? ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ, ಇಷ್ಟು ಸಾಕು. ಮಾಪಕ 40ರಿಂದ 50ರ ನಡುವೆ ಇರಲಿ. ನೀಲಿ ಹರಳು ಗುಲಾಬಿಯಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಆ ನೀಲಿ ಕೋಬಾಲ್ಟಿನದು, ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ.

ಸೊರಬದ ಸದಸ್ಯ: ರಷ್ಯಾದ ಜುಪಿಟರ್-12, 35 ಎಂಎಂ ಎಫ್2.8, ಬಹಳ ಅಗ್ಗವಾಗಿ ಸಿಗುತ್ತಿದೆ ಸರ್.

ರಿಪೇರಿಯವರು: ಅದರ ಹಿಂದಿನ ಗಾಜು ಬಹಳ ಒಳಕ್ಕೆ ಚಾಚಿಕೊಂಡಿರುತ್ತದೆ, ಕೆಲವು ಮಿರರ್‌ಲೆಸ್ ಕ್ಯಾಮೆರಾಗಳ ಒಳಭಾಗಕ್ಕೆ ತಾಗುತ್ತದೆ. ತಾಗದಿದ್ದರೂ ಸೆನ್ಸರಿನ ಮುಂದಿನ ಗಾಜಿನಿಂದಾಗಿ ಮೂಲೆಗಳು ಕಲಸಿದಂತೆ ಬರುತ್ತವೆ. ಕನ್ನಡಿಯಿದ್ದ ಕ್ಯಾಮೆರಾಗಳ ಲೆನ್ಸ್‌ಗಳಲ್ಲಿ ಈ ತೊಂದರೆ ಕಡಿಮೆ.

ರಿಪ್ಪನ್‌ಪೇಟೆಯ ಸದಸ್ಯ: ಸರ್, ಕಡಿಮೆ ಬೆಲೆಗೆ ಯಾವ ವೈಡ್ ಲೆನ್ಸ್ ಉತ್ತಮ?

ರಿಪೇರಿಯವರು: ಮೊದಲ ಉತ್ತರ ಓದಿ.

ಭದ್ರಾವತಿಯ ಸದಸ್ಯ: ಸ್ನೇಹಿತರ ಕ್ಯಾನನ್ ಎಫ್‌ಡಿ ಹಾಕಿ ನೋಡಿದೆ. ಅಪರ್ಚರ್ ಉಂಗುರ ತಿರುಗುತ್ತದೆ, ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ.

ರಿಪೇರಿಯವರು: ಅಡಾಪ್ಟರಿನಲ್ಲೇ ಒಂದು ಉಂಗುರವಿರುತ್ತದೆ, ಅದನ್ನು ಲಾಕ್ ಕಡೆಗೆ ತಿರುಗಿಸಿ.

ಶಿಕಾರಿಪುರದ ಸದಸ್ಯ: ಎಪಿಎಸ್-ಸಿ ಇರುವವರು ಫೋಕಲ್ ರೆಡ್ಯೂಸರ್ (ನೋಟವನ್ನು ಅಗಲಗೊಳಿಸುವ, ಒಳಗೆ ಗಾಜಿರುವ ಅಡಾಪ್ಟರ್) ಹಾಕಿಕೊಂಡರೆ 28 ಎಂಎಂ 20ರಷ್ಟಾಗಿ, ಬೆಳಕೂ ಒಂದು ಸ್ಟಾಪ್ ಹೆಚ್ಚಿ ಎರಡು ಪಟ್ಟಾಗುತ್ತದೆ. ಇದನ್ನು ಸರ್ ಅವರು ಹೇಳಲೇ ಇಲ್ಲ.

ತೀರ್ಥಹಳ್ಳಿಯ ಸದಸ್ಯ: ಈಗ ಮಾತ್ರ 28 ಬದಲಾಯಿತೇ? ಸ್ವಲ್ಪ ಹೊತ್ತಿನ ಹಿಂದೆ ನಮಗೆ ಪಾಠ ಹೇಳಿದವರು ತಾವೇ ತಾನೆ.

ಶಿಕಾರಿಪುರದ ಸದಸ್ಯ: ನಡುವೆ ಗಾಜು ಸೇರಿಸಿದರೆ ಫೋಕಲ್ ಲೆಂತ್ ನಿಜವಾಗಿಯೇ ಬದಲಾಗುತ್ತದೆ. ವ್ಯಂಗ್ಯಕ್ಕಿಂತ ಓದು ಹೆಚ್ಚಿರಲಿ.

ತೀರ್ಥಹಳ್ಳಿಯ ಸದಸ್ಯ: ನಿಮ್ಮ ಓದು ನಿಮ್ಮಲ್ಲೇ ಇರಲಿ.

ರಿಪೇರಿಯವರು: ಮಾರಾಯರೇ, ಸಾಕು. 0.71ರ ರೆಡ್ಯೂಸರ್ ಹಾಕಿದರೆ ಶಿಕಾರಿಪುರದವರು ಹೇಳಿದ್ದು ಸರಿ. ಆದರೆ ಆ ಗಾಜಿನ ಅಡಾಪ್ಟರಿಗೆ ಕೊಡುವ ಹಣ ಹಳೆಯ ಲೆನ್ಸಿನದನ್ನೇ ಮೀರಬಹುದು, ಅಗ್ಗದವುಗಳಲ್ಲಿ ಮೂಲೆಗಳೂ ಕೆಡುತ್ತವೆ. ಅಗ್ಗವೆಂದು ಹೊರಟವರು ಎಲ್ಲಿಗೆ ತಲುಪುತ್ತೀರೆಂದು ಲೆಕ್ಕ ಹಾಕಿ.

ಕೊಪ್ಪದ ಸದಸ್ಯ: ಸರ್, ನನ್ನ ಒಲಿಂಪಸ್ 24ರ ಪ್ರಶ್ನೆ ಉಳಿದಿದೆ.

ಹೊಸನಗರದ ಸದಸ್ಯೆ: ಸರ್, ಲೆನ್ಸನ್ನು ಒಳಗೆ ತಂದು ಟಾರ್ಚ್ ಬಿಟ್ಟು ನೋಡಿದೆ. ಹಿಂಭಾಗದ ಗಾಜಿನ ಅಂಚಿನಿಂದ ನಡುವಿನ ಕಡೆಗೆ ಕವಲೊಡೆದ ಎಳೆಗಳಿವೆ, ಮುಂಭಾಗ ಸ್ವಚ್ಛವಾಗಿದೆ. ಇದನ್ನು ಬೇರೆ ಲೆನ್ಸಿನ ಜೊತೆ ಇಟ್ಟರೆ ಹರಡುತ್ತದೆಯೇ? ಟೂತ್‌ಪೇಸ್ಟ್ ಹಚ್ಚಿ ಒರೆಸಬಹುದೆಂದು ಇನ್ನೊಬ್ಬರು ಹೇಳಿದ್ದಾರೆ.

ರಿಪೇರಿಯವರು: ಟೂತ್‌ಪೇಸ್ಟ್ ಎಂದರೆ ಉಜ್ಜುವ ಪುಡಿ ಬೆರೆಸಿದ ವಸ್ತು. ಕೋಟಿಂಗಿನ ಮೇಲೆ ಅದನ್ನು ಹಚ್ಚಲು ಹೇಳಿದವರ ಕನ್ನಡಕಕ್ಕೆ ಮೊದಲು ಹಚ್ಚಿಸಿ. ಹರಡುವ ವಿಷಯಕ್ಕೆ ಬಂದರೆ, ಅದರ ಬೀಜಕಣಗಳು ಮಲೆನಾಡಿನ ಗಾಳಿಯಲ್ಲೆಲ್ಲ ಇವೆ, ನಿಮ್ಮ 16-50ರ ಮೇಲೂ ಇವೆ. ಅವು ಬೆಳೆಯುವುದು ತೇವ ಸಿಕ್ಕಿದಾಗ. ಆದರೂ ಸ್ವಚ್ಛವಾಗುವ ತನಕ ಬೇರೆ ಡಬ್ಬಿಯಲ್ಲಿಡಿ. ನೀವು ಹೇಳಿದ ಜಾಗ ನನಗೆ ಸ್ವಲ್ಪ ಚಿಂತೆ ತರುತ್ತದೆ, ಏಕೆಂದರೆ ಮುಂದಿನ ಗಾಜಿನ ಕಲೆಗಿಂತ ಹಿಂದಿನ ಗಾಜಿನ ಕಲೆ ಚಿತ್ರದಲ್ಲಿ ಹೆಚ್ಚು ಕಾಣುತ್ತದೆ. ಹಿಂದಿನ ಗುಂಪನ್ನು ಬಿಚ್ಚುವುದು ಕಷ್ಟವಲ್ಲ, ಆದರೆ ಕೋಟಿಂಗ್ ಉಳಿದಿದೆಯೇ ಎಂಬುದು ಒರೆಸಿದ ಮೇಲೆಯೇ ತಿಳಿಯುತ್ತದೆ. ಗುರುತು ಉಳಿಯುವುದಾದರೆ ಮುಂದುವರಿಯುವ ಮೊದಲು ನಿಮ್ಮನ್ನು ಕೇಳುತ್ತೇನೆ. ನೀವೇ ಸ್ಕ್ರೂ ತೆಗೆಯಲು ಹೋಗಬೇಡಿ.

ರಿಪ್ಪನ್‌ಪೇಟೆಯ ಸದಸ್ಯ: ಮೊದಲ ಉತ್ತರದಲ್ಲಿ ಹಲವು ಹೆಸರುಗಳಿವೆ. ಒಂದೇ ಹೆಸರು ಹೇಳಬಹುದೇ?

ರಿಪೇರಿಯವರು: ಸ್ವಚ್ಛವಾಗಿ ಸಿಕ್ಕಿದ್ದು.

ಸಾಗರದ ಸದಸ್ಯ: ಕೇಳುವವರಿಗೆ ಇಷ್ಟು ಒರಟಾಗಿ ಉತ್ತರಿಸುವುದಾದರೆ ಇಂಥ ಕಾರ್ಯಕ್ರಮ ಏಕೆ ಬೇಕು?

ಶಿಕಾರಿಪುರದ ಸದಸ್ಯ: ಬಿಡುವು ಮಾಡಿಕೊಂಡು ಉಚಿತವಾಗಿ ಉತ್ತರಿಸುತ್ತಿರುವವರಿಗೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ಒರಟಲ್ಲವೇ?

ಹೊಸನಗರದ ಸದಸ್ಯೆ: ಮುಂದಿನ ವಾರ ಶಿವಮೊಗ್ಗಕ್ಕೆ ಬರುವಾಗ ಲೆನ್ಸ್ ತರುತ್ತೇನೆ ಸರ್. ಅಡಾಪ್ಟರ್ ಈಗಾಗಲೇ ಕೊಂಡಿದ್ದೇನೆ, ಆದರೆ ಲೆನ್ಸ್ ಹಾಕಿದರೆ ಶಟರ್ ಒತ್ತಲು ಬರುತ್ತಿಲ್ಲ.

ರಿಪೇರಿಯವರು: ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಆನ್ ಮಾಡಿ, ಟೊಳ್ಳು ಅಡಾಪ್ಟರ್ ಹಾಕಿದಾಗ ಕ್ಯಾಮೆರಾಕ್ಕೆ ಲೆನ್ಸ್ ಇರುವುದೇ ಗೊತ್ತಾಗುವುದಿಲ್ಲ. ಆಮೇಲೆ ಆಕಾಶ ತಿಳಿಯಾಗಿರುವ ದಿನ ಕೊಡಚಾದ್ರಿಯ ತುದಿಗೆ ಫೋಕಸ್ ಮಾಡಿ, ಪರದೆಯಲ್ಲಿ ಹಿಗ್ಗಿಸಿ ನೋಡಿ. ಅನಂತದ ಗುರುತಿಗೆ ಸ್ವಲ್ಪ ಮೊದಲೇ ಬೆಟ್ಟ ಸ್ಪಷ್ಟವಾದರೆ ಅಡಾಪ್ಟರ್ ಕೊಂಚ ತೆಳು ಎಂದರ್ಥ, ಚಿಂತೆಯಿಲ್ಲ. ಕೊನೆಯ ತನಕ ತಿರುಗಿಸಿದರೂ ಮಸುಕಾಗಿಯೇ ಇದ್ದರೆ ಅಡಾಪ್ಟರ್ ದಪ್ಪವಿದೆ, ಕೊಂಡಲ್ಲಿಗೇ ಹಿಂದಿರುಗಿಸಿ. ಬರುವಾಗ ಕ್ಯಾಮೆರಾವನ್ನೂ ತನ್ನಿ.

ನಿರ್ವಾಹಕರು: ಇಲ್ಲಿಗೆ ಪ್ರಶ್ನೆಗಳನ್ನು ನಿಲ್ಲಿಸುತ್ತಿದ್ದೇವೆ. ವೈಯಕ್ತಿಕ ವಾದಗಳನ್ನು ಗುಂಪಿನ ಹೊರಗೆ ಮುಂದುವರಿಸಿ.

ತೀರ್ಥಹಳ್ಳಿಯ ಸದಸ್ಯ: ವಾದ ಆರಂಭಿಸಿದ್ದು ನಾನಲ್ಲವೆಂಬುದನ್ನು ನಿರ್ವಾಹಕರು ಮೇಲಕ್ಕೆ ಹೋಗಿ ಓದಿ ನೋಡಬೇಕು.