ಎಂಟು ವರ್ಷ ನಿಂತ ಮಿಲಿಟರಿ ಟ್ರಕ್ಕನ್ನು ಚಾಲೂ ಮಾಡುವ ಮುನ್ನ

ಪ್ರಶ್ನೆ (ಹಾನಗಲ್ಲಿನ ಸದಸ್ಯರು): ಮಿಸ್ತ್ರಿಯವರಿಗೆ ನಮಸ್ಕಾರ. ನಮ್ಮ ತಂದೆಯವರು ಸೇನೆಯ ಹರಾಜಿನಲ್ಲಿ ಕೊಂಡಿದ್ದ ಶಕ್ತಿಮಾನ್ ಟ್ರಕ್ಕು ಬಹಳ ಕಾಲ ಕಟ್ಟಿಗೆ ಹೇರಿಕೊಂಡು ಓಡಾಡಿ, ಈಗ ಎಂಟು ವರ್ಷಗಳಿಂದ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಂತಿದೆ. ಮಾರುವ ಮನಸ್ಸಿಲ್ಲ, ಮತ್ತೆ ರಸ್ತೆಗೆ ಇಳಿಸಬೇಕೆಂದಿದ್ದೇನೆ. ಟಾಯರಿಗೆ ಗಾಳಿ ತುಂಬಿಸಿ, ಹೊಸ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆದರೆ ಸಾಕು ಎಂದು ಊರಿನ ಮೆಕ್ಯಾನಿಕ್ ಹೇಳುತ್ತಾರೆ. ಯಾವ ಕ್ರಮದಲ್ಲಿ ಕೆಲಸ ಹಿಡಿಯಬೇಕು?

ಉತ್ತರ (ಹುಬ್ಬಳ್ಳಿ ಗೋಕುಲ ರಸ್ತೆಯ ಗ್ಯಾರೇಜಿನ ಮಿಸ್ತ್ರಿ, ಸೇನೆಯ ವಾಹನ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇ.ಎಂ.ಇ. ದಳದ ನಿವೃತ್ತ ವಾಹನ ಮೆಕ್ಯಾನಿಕ್): ನಮಸ್ಕಾರ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಡಿ 1959ರಿಂದ ಜಬಲ್ಪುರದಲ್ಲಿ ತಯಾರಾಗಿ, ದಶಕಗಳ ಕಾಲ ನಮ್ಮ ಸೇನೆಯ ಸಾಮಾನು ಹೊತ್ತ ಗಾಡಿ ಅದು. ಅದನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದೀರಿ ಎಂಬುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ಆದರೆ ನಿಮ್ಮ ಮೆಕ್ಯಾನಿಕ್ ಹೇಳಿದ ಎರಡು ಕೆಲಸಗಳನ್ನು, ಅಂದರೆ ಗಾಳಿ ತುಂಬಿಸುವುದನ್ನೂ ಸೆಲ್ಫ್ ಹೊಡೆಯುವುದನ್ನೂ, ದಯವಿಟ್ಟು ಮೊದಲಿಗೆ ಮಾಡಬೇಡಿ. ನಿಂತ ಗಾಡಿಯಲ್ಲಿ ಜೀವಕ್ಕೆ ಅಪಾಯವಿರುವುದು ಈ ಎರಡು ಕಡೆಯೇ.

ಮೊದಲು ಚಕ್ರ. ಬಹುಕಾಲ ಗಾಳಿ ಇಳಿದು ನಿಂತ ಟಾಯರಿಗೆ ಗಾಡಿಯ ಮೇಲೆಯೇ ಗಾಳಿ ಹಾಕಬಾರದು. ಹಳೆಯ ಟ್ರಕ್ಕುಗಳ ಡಿಸ್ಕಿನಲ್ಲಿ (ಟಾಯರು ಕೂರುವ ಕಬ್ಬಿಣದ ಚಕ್ರದಲ್ಲಿ) ಟಾಯರನ್ನು ಹಿಡಿದಿಡುವುದು ಒಂದು ಲಾಕ್ ರಿಂಗು. ಆ ರಿಂಗು ಕೂರುವ ತೋಡಿನಲ್ಲಿ ತುಕ್ಕು ಪದರಗಟ್ಟಿದ್ದರೆ ಅದು ಪೂರ್ತಿ ಕೂರದೆ ಮೇಲ್ನೋಟಕ್ಕೆ ಮಾತ್ರ ಕೂತಂತೆ ಕಾಣುತ್ತದೆ, ಗಾಳಿಯ ಒತ್ತಡ ಏರಿದಾಗ ಸಿಡಿದು ಎದುರಿಗಿದ್ದವರನ್ನು ಕೊಲ್ಲುತ್ತದೆ. ಸೇನೆಯ ಕೆಲವು ಗಾಡಿಗಳಲ್ಲಿ ಇನ್ನೊಂದು ಬಗೆಯ ಡಿಸ್ಕು ಇರುತ್ತದೆ: ಎರಡು ಹೋಳುಗಳನ್ನು ಸುತ್ತಲೂ ಬೋಲ್ಟು ಹಾಕಿ ಕೂಡಿಸಿರುತ್ತಾರೆ. ಆ ನಟ್ಟುಗಳನ್ನು ಚಕ್ರದ ನಟ್ಟುಗಳೆಂದು ತಿಳಿದು, ಟಾಯರಿನಲ್ಲಿ ಗಾಳಿ ಇರುವಾಗಲೇ ಪಾನಾ ಹಾಕಿ ಬಿಚ್ಚಿದರೆ ಪರಿಣಾಮ ಅದೇ. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಇಂತಹ ನಟ್ಟುಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದುದು ಇದೇ ಕಾರಣಕ್ಕೆ. ನಮ್ಮ ಕಡೆ ಬರುವ ಗಾಡಿಗಳ ಮೇಲೆ ಎಷ್ಟೋ ಸಲ ಬಣ್ಣ ಹೊಡೆದಿರುವುದರಿಂದ ಆ ಗುರುತನ್ನು ನಂಬಿ ಕೂರುವಂತಿಲ್ಲ.

ಆದ್ದರಿಂದ ಜ್ಯಾಕು ಕೊಟ್ಟು, ಅಚ್ಚಿನ ಕೆಳಗೆ ಗಟ್ಟಿ ದಿಮ್ಮಿ ಇಟ್ಟು, ವಾಲ್ವಿನ ಪಿನ್ನನ್ನು ಪೂರ್ತಿ ಹೊರತೆಗೆಯಿರಿ. ಒಳಗೆ ಕಸ ಕಟ್ಟಿಕೊಂಡು ಗಾಳಿ ಉಳಿದಿರಬಹುದು. ತೆಳು ತಂತಿಯನ್ನು ತೂರಿಸಿ ನೋಡಿಕೊಂಡ ಮೇಲೆಯೇ ಚಕ್ರ ಬಿಚ್ಚಿ. ರಿಂಗು ಮತ್ತು ಅದು ಕೂರುವ ತೋಡನ್ನು ತಂತಿ ಬ್ರಶ್ಶಿನಿಂದ ಲೋಹ ಕಾಣುವವರೆಗೆ ಉಜ್ಜಿ; ಬಿರುಕು ಅಥವಾ ವಕ್ರತೆ ಇದ್ದರೆ ಅದನ್ನು ಬೆಸುಗೆ ಹಾಕಿಸದೆ ಬೇರೆಯದನ್ನೇ ತನ್ನಿ. ಮತ್ತೆ ಗಾಳಿ ತುಂಬಿಸುವಾಗ ಕಬ್ಬಿಣದ ಪಂಜರದೊಳಗೆ ಇಟ್ಟೇ ತುಂಬಿಸಬೇಕು, ಗಾಳಿ ಇರುವ ಟಾಯರಿನ ರಿಂಗಿಗೆ ಸುತ್ತಿಗೆ ತಾಗಿಸಲೇಬಾರದು. ಪಂಜರವಿಲ್ಲದ ಪಂಕ್ಚರ್ ಅಂಗಡಿಗೆ ಈ ಚಕ್ರವನ್ನು ಕೊಡಬೇಡಿ. ಅಲ್ಲಿ ಕೆಲಸ ಮಾಡುವ ಹುಡುಗನ ಜೀವವೂ ಜೀವವೇ.

ಬ್ರೇಕಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ; ಎಂಟು ವರ್ಷದ ಆಯಿಲ್ ಇದ್ದ ಕಡೆ ಸಿಲಿಂಡರಿನ ಒಳಮೈ ತುಕ್ಕು ಹಿಡಿದೇ ಇರುತ್ತದೆ ಎಂದುಕೊಂಡು ಎಲ್ಲವನ್ನೂ ಬಿಚ್ಚಿ, ರಬ್ಬರುಗಳನ್ನು ಹೊಸದಾಗಿ ಹಾಕಿ. ತೊಳೆಯಲು ಸ್ಪಿರಿಟ್ ಬಳಸಿ. ಡೀಸೆಲ್ ಅಥವಾ ಪೆಟ್ರೋಲ್ ತಾಗಿದರೆ ಆ ರಬ್ಬರು ಉಬ್ಬಿ ಹಾಳಾಗುತ್ತದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಆದ್ದರಿಂದ ಡ್ರಮ್ಮನ್ನು ಗಾಳಿ ಹೊಡೆದು ಸ್ವಚ್ಛ ಮಾಡದೆ ಒದ್ದೆ ಬಟ್ಟೆಯಿಂದ ಒರೆಸಿ.

ಆಮೇಲೆ ಎಂಜಿನ್ನು. ಸಂಪಿನ (ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯ) ಬೋಲ್ಟನ್ನು ನಿಧಾನವಾಗಿ ಸಡಿಲಿಸಿ. ಒಳಗೆ ನೀರು ಸೇರಿದ್ದರೆ ಅದು ಎಣ್ಣೆಗಿಂತ ಭಾರವಾದ್ದರಿಂದ ಮೊದಲು ನೀರೇ ಇಳಿಯುತ್ತದೆ, ಹಾಗಾದರೆ ಹೆಡ್ ಗ್ಯಾಸ್ಕೆಟ್ ನೋಡದೆ ಮುಂದುವರಿಯಬೇಡಿ. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ಬಿಡಿ. ನಂತರ ಮುಂದಿನ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಎಲ್ಲಿಯಾದರೂ ತಡೆದರೆ ಬಲ ಹಾಕಬೇಡಿ. ಡೀಸೆಲ್ ಟಾಕಿಯನ್ನು ಇಳಿಸಿ ತೊಳೆಯಿರಿ, ಫಿಲ್ಟರು ಬದಲಿಸಿ, ಪಂಪು ಮತ್ತು ನಾಜಲ್‌ಗಳನ್ನು ಪಂಪ್ ನಾಜಲ್ ಅಂಗಡಿಯಲ್ಲಿ ಬೆಂಚಿನ ಮೇಲೆ ಇಟ್ಟು ಪರೀಕ್ಷೆ ಮಾಡಿಸಿ.

ಈ ಪಂಪಿನೊಳಗೆ ಎಷ್ಟು ಡೀಸೆಲ್ ಹೋಗಬೇಕೆಂದು ನಿರ್ಧರಿಸುವ ರ‍್ಯಾಕ್ ಎಂಬ ಸಣ್ಣ ಸರಳು ಇದೆ. ನಿಂತ ಗಾಡಿಯಲ್ಲಿ ಒಣಗಿದ ಡೀಸೆಲ್ಲು ಅಂಟಿನಂತಾಗಿ ಅದನ್ನು ಹಿಡಿದಿಡುತ್ತದೆ. ಪೂರ್ತಿ ಡೀಸೆಲ್ ಬಿಡುವ ಸ್ಥಾನದಲ್ಲಿ ಅದು ಸಿಕ್ಕಿಕೊಂಡಿದ್ದರೆ ಎಂಜಿನ್ನು ಚಾಲೂ ಆದ ಕ್ಷಣದಿಂದ ವೇಗ ಏರುತ್ತಲೇ ಹೋಗುತ್ತದೆ, ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ, ಕೊನೆಗೆ ಕನೆಕ್ಟಿಂಗ್ ರಾಡು ಬ್ಲಾಕನ್ನು ಒಡೆದುಕೊಂಡು ಹೊರಬರುತ್ತದೆ. ಆದ್ದರಿಂದ ಸ್ಟಾಪ್ ಲಿವರ್ ಎಳೆದು ಬಿಟ್ಟಾಗ ರ‍್ಯಾಕ್ ಸರಾಗವಾಗಿ ಹೋಗಿ ಬರುವುದನ್ನು ಕಣ್ಣಾರೆ ನೋಡಿಕೊಳ್ಳಿ. ಮೊದಲ ಸಲ ಚಾಲೂ ಮಾಡುವಾಗ ಏರ್ ಕ್ಲೀನರಿನ ಕೊಳವೆ ಬಿಚ್ಚಿಟ್ಟು, ಒಬ್ಬರು ದಪ್ಪ ಹಲಗೆ ಹಿಡಿದು ಎಂಜಿನ್ ಗಾಳಿ ಎಳೆಯುವ ಬಾಯಿಯ ಬಳಿ ನಿಂತಿರಲಿ. ವೇಗ ಕೈಮೀರಿದರೆ ಹಲಗೆಯಿಂದ ಆ ಬಾಯಿ ಮುಚ್ಚಬೇಕು. ಅಂಗೈಯಿಂದಾಗಲಿ ಬಟ್ಟೆಯಿಂದಾಗಲಿ ಮುಚ್ಚಲು ಹೋಗಬಾರದು.

ಪ್ರಶ್ನೆ (ಗದಗಿನ ಸದಸ್ಯರು): ನನ್ನ ಬಳಿ ಸೇನೆಯ ಜೀಪಿನಂಥ ಗಾಡಿ ಜೋಂಗಾ ಇದೆ. ಮಳೆಗಾಲದಲ್ಲಿ ಎರೆ ಹೊಲದಿಂದ ಹೊರಬರಲು ಫೋರ್ ವೀಲ್ ಹಾಕುತ್ತೇನೆ, ಆದರೆ ಡಾಂಬರು ರಸ್ತೆಗೆ ಬಂದ ಮೇಲೆ ಲಿವರ್ ಹಿಂದಕ್ಕೆ ಬರುವುದೇ ಇಲ್ಲ. ಗೇರ್ ಬಾಕ್ಸ್ ಬಿಚ್ಚಿಸಬೇಕೆ?

ಉತ್ತರ: ಬಿಚ್ಚಿಸುವ ಅಗತ್ಯ ಬಹುಶಃ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ, ಆದರೆ ಫೋರ್ ವೀಲ್ ಹಾಕಿದಾಗ ಎರಡೂ ಅಚ್ಚುಗಳು ಒಂದೇ ವೇಗದಲ್ಲಿ ತಿರುಗಲೇಬೇಕಾಗುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಆಸ್ಪದವಿಲ್ಲದ್ದರಿಂದ ಶಾಫ್ಟುಗಳಲ್ಲಿ ತಿರುಚು ಸೇರಿಕೊಂಡು ಲಿವರನ್ನು ಬಿಗಿಹಿಡಿಯುತ್ತದೆ. ಗಾಡಿಯನ್ನು ನೇರವಾಗಿ ಕೆಲವು ಮೀಟರ್ ರಿವರ್ಸ್ ತೆಗೆದುಕೊಳ್ಳುತ್ತಾ ಲಿವರ್ ಎಳೆಯಿರಿ, ಬರುತ್ತದೆ. ಮುಂದೆ ಹೊಲದ ದಾರಿ ಮುಗಿಯುವ ಮೊದಲೇ, ಇನ್ನೂ ಮಣ್ಣಿನ ಮೇಲಿರುವಾಗಲೇ ತೆಗೆದುಬಿಡಿ. ನಾಲ್ಕೂ ಟಾಯರುಗಳ ಅಳತೆ ಮತ್ತು ಸವೆತ ಒಂದೇ ಆಗಿರಲಿ. ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ ನೇರ ರಸ್ತೆಯಲ್ಲೂ ಇದೇ ತೊಂದರೆ ಬರುತ್ತದೆ.

ಪ್ರಶ್ನೆ (ಹಾನಗಲ್ಲಿನ ಸದಸ್ಯರು): ಸವಿಸ್ತಾರ ಉತ್ತರಕ್ಕೆ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಬಿಡಿಭಾಗಗಳು ಎಲ್ಲಿ ಸಿಗುತ್ತವೆ? ಕೆಲಸ ಮುಗಿದ ಮೇಲೆ ಮಿಲಿಟರಿ ಹಸಿರು ಬಣ್ಣ ಹೊಡೆದು, ಬಾಣದ ಗುರುತಿನ ಹಳೆಯ ನಂಬರನ್ನು ಬರೆಸಬಹುದೆ?

ಉತ್ತರ: ಟ್ರಕ್ಕಿನ ಹೆಸರು ಹೇಳಿ ಅಂಗಡಿಯಲ್ಲಿ ಕೇಳಿದರೆ ಇಲ್ಲ ಎನ್ನುತ್ತಾರೆ. ಬೇರಿಂಗನ್ನು ತೊಳೆದು ಅದರ ಅಂಚಿನ ಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಆ ಸಂಖ್ಯೆಗಳು ಹೆಚ್ಚಾಗಿ ಎಲ್ಲ ಕಂಪನಿಗಳಲ್ಲೂ ಸಮಾನ. ಆಯಿಲ್ ಸೀಲಿಗೆ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆ ಸಾಕು. ಬುಶ್ಶು, ಪಿನ್ನುಗಳನ್ನು ಇಲ್ಲಿನ ಲೇಥ್ ಕಾರ್ಖಾನೆಗಳಲ್ಲಿ ಮಾಡಿಸಬಹುದು, ಹಳೆಯದನ್ನು ಮಾದರಿಗೆಂದು ಜೊತೆಗೆ ಒಯ್ಯಿರಿ.

ಹಸಿರು ಬಣ್ಣ ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಬಾಣದ ಗುರುತಿನ ನಂಬರು ಸೇನೆಯ ಸೇವೆಯಲ್ಲಿರುವ ಗಾಡಿಗೆ ಸೇರಿದ್ದು. ನಿಮ್ಮ ಟ್ರಕ್ಕು ಆರ್‌ಟಿಒ ಕೊಟ್ಟ ನಂಬರಿನಲ್ಲಿಯೇ ಓಡಬೇಕು. ಹರಾಜಿನ ಕಾಗದಗಳು ಮನೆಯಲ್ಲಿದ್ದರೆ ಹುಡುಕಿ ಜೋಪಾನವಾಗಿ ಇಟ್ಟುಕೊಳ್ಳಿ, ಫಿಟ್‌ನೆಸ್‌ಗೆ ಹೋಗುವಾಗ ಅವು ಜೊತೆಗಿರಲಿ.