ಬ್ಲೇಡಿನಲ್ಲಿ ಮಾತ್ರೆ ಕತ್ತರಿಸುವ ಮುಂಚೆ: ಕೂದಲು ಉದುರುವಿಕೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (29 ವರ್ಷ, ದಾವಣಗೆರೆ): ಡಾಕ್ಟ್ರೇ, ಎರಡು ವರ್ಷದಿಂದ ಹಣೆ ಅಗಲ ಆಗ್ತಾ ಇದೆ, ನೆತ್ತಿಯಲ್ಲಿ ಚರ್ಮ ಕಾಣ್ತಿದೆ. ಫಿನಾಸ್ಟರೈಡ್ ತಗೋ ಅಂತ ಗೆಳೆಯ ಹೇಳಿದ. 5 ಮಿಲಿಗ್ರಾಂ ಮಾತ್ರೆ ತಂದು ಬ್ಲೇಡಿನಲ್ಲಿ ನಾಲ್ಕು ತುಂಡು ಮಾಡಿ ದಿನಕ್ಕೊಂದು ತುಂಡು ನುಂಗ್ತಿದ್ದೀನಿ. ಮೂರು ವಾರ ಆಯ್ತು, ಏನೂ ಫರಕು ಕಾಣ್ತಿಲ್ಲ. ಹೆಂಡತಿಗೆ ಈಗ ಮೂರು ತಿಂಗಳು. ಅಡ್ಡಪರಿಣಾಮಗಳ ಬಗ್ಗೆ ಓದಿ ನಿದ್ದೆ ಬರ್ತಿಲ್ಲ. ಬಿಡಲಾ, ಮುಂದುವರಿಸಲಾ?

ಉತ್ತರ (ಚರ್ಮರೋಗ ತಜ್ಞ): ಕೂದಲಿನ ವಿಷಯ ಆಮೇಲೆ. ಮಾತ್ರೆ ಕತ್ತರಿಸುವುದನ್ನು ಇವತ್ತೇ ನಿಲ್ಲಿಸಿ. ಆ ಮೇಜನ್ನು ಒದ್ದೆ ಬಟ್ಟೆಯಲ್ಲಿ ನೀವೇ ಒರೆಸಿ, ಹೆಂಡತಿಯ ಕೈಯಲ್ಲಿ ಒರೆಸಬೇಡಿ. ಗಂಡು ಮಗುವಿನ ಜನನಾಂಗ ರೂಪುಗೊಳ್ಳಲು ಡಿಎಚ್‌ಟಿ ಎಂಬ ಹಾರ್ಮೋನ್ ಬೇಕು. ಅದು ನಡೆಯುವ ಕಾಲವೇ ಈಗಿನದು, ಈ ಔಷಧ ತಡೆಯುವುದೂ ಅದೇ ಹಾರ್ಮೋನನ್ನು. ಇಡೀ ಮಾತ್ರೆಗೆ ಮೇಲುಲೇಪ ಇರುತ್ತದೆ, ಮುಟ್ಟಿದರೆ ತೊಂದರೆಯಿಲ್ಲ. ಪುಡಿ ಮತ್ತು ತುಂಡನ್ನು ಗರ್ಭಿಣಿ ಮುಟ್ಟಬಾರದು. ಈಗಾಗಲೇ ಮುಟ್ಟಿದ್ದರೆ ಗಾಬರಿ ಬೇಡ. ಹೆರಿಗೆ ಡಾಕ್ಟರಿಗೆ ತಿಳಿಸಿ, ಮುಚ್ಚಿಡಬೇಡಿ.

ಈಗ ಕೂದಲಿಗೆ ಬರೋಣ. ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಡಿಎಚ್‌ಟಿಯಾಗಿ ಬದಲಾಗುತ್ತದೆ. ಹಣೆ ಮತ್ತು ನೆತ್ತಿಯ ಬೇರುಗಳು ಅದಕ್ಕೆ ಸೋತು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತವೆ. ನೆತ್ತಿಯ ಒಂದು ಕೂದಲನ್ನೂ ಕತ್ತಿನ ಹಿಂಭಾಗದ ಒಂದು ಕೂದಲನ್ನೂ ಬೆರಳ ನಡುವೆ ಹಿಡಿದು ನೋಡಿ, ನೆತ್ತಿಯದು ನೂಲಿನಂತೆ ತೆಳ್ಳಗಿರುತ್ತದೆ. 1 ಮಿಲಿಗ್ರಾಂ ಫಿನಾಸ್ಟರೈಡ್ ರಕ್ತದ ಡಿಎಚ್‌ಟಿಯನ್ನು ಸುಮಾರು 70 ಶೇಕಡಾ ಇಳಿಸುತ್ತದೆ. ಇರುವ ಕೂದಲನ್ನು ಉಳಿಸುವುದೇ ಅದರ ಮುಖ್ಯ ಕೆಲಸ; ಬೋಳಾಗಿ ಹೊಳೆಯುತ್ತಿರುವ ಜಾಗದಲ್ಲಿ ಕಾಡು ಬೆಳೆಸುವುದಿಲ್ಲ. ಫಲ ಕಾಣಲು ಮೂರರಿಂದ ಆರು ತಿಂಗಳು, ಸರಿಯಾಗಿ ಅಳೆಯಲು ಒಂದು ವರ್ಷ ಬೇಕು. ಮೂರು ವಾರದಲ್ಲಿ ಏನೂ ಹೇಳಲಾಗದು. ನಿಲ್ಲಿಸಿದರೆ ಗಳಿಸಿದ್ದು ವರ್ಷದೊಳಗೆ ಕಳೆದುಹೋಗುತ್ತದೆ. ಅಂದರೆ ಇದು ವರ್ಷಗಟ್ಟಲೆಯ ಒಪ್ಪಂದ, ಗೆಳೆಯ ಹೇಳಿದ ಅಂತ ಮಾಡಿಕೊಳ್ಳುವಂಥದ್ದಲ್ಲ.

ನಿಮ್ಮ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆರಂಭದ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ಹೇಳಿಕೊಂಡವರು ಔಷಧ ತೆಗೆದುಕೊಂಡ 100 ಜನರಲ್ಲಿ ಸುಮಾರು 4, ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು 2. ಹೆಚ್ಚಿನವರಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ. ಕೆಲವರಿಗೆ ಬಿಟ್ಟ ಮೇಲೂ ಉಳಿದಿದೆ ಎಂಬ ದೂರುಗಳಿವೆ, 2012ರಲ್ಲಿ ಅಮೆರಿಕದಲ್ಲಿ ಇದನ್ನು ಔಷಧದ ಮಾಹಿತಿಪತ್ರಕ್ಕೆ ಸೇರಿಸಿದರು. ಆತ್ಮಹತ್ಯೆಯ ಯೋಚನೆ ಇದರ ಅಡ್ಡಪರಿಣಾಮ ಎಂದು ಐರೋಪ್ಯ ಔಷಧ ಸಂಸ್ಥೆ 2025ರಲ್ಲಿ ದೃಢಪಡಿಸಿದೆ. ಹಿಂದೆ ಖಿನ್ನತೆ ಇದ್ದವರಿಗೆ ನಾನು ಇದನ್ನು ಸುಲಭಕ್ಕೆ ಬರೆಯುವುದಿಲ್ಲ. ನಿಮಗೆ ಈಗಲೇ ನಿದ್ದೆ ಕೆಟ್ಟಿದೆ. ಸದ್ಯಕ್ಕೆ ನಿಲ್ಲಿಸಿ, ಚರ್ಮರೋಗ ತಜ್ಞರನ್ನು ಎದುರಿಗೆ ಕಂಡು ಮಾತಾಡಿ. ಕೆಲವು ವಾರ ಬಿಟ್ಟರೆ ಕೂದಲಿಗೆ ಏನೂ ನಷ್ಟವಿಲ್ಲ.

ಇನ್ನೊಬ್ಬರು (ಮೈಸೂರು): ನಮ್ಮಪ್ಪನಿಗೆ 61, ಪ್ರಾಸ್ಟೇಟ್‌ಗೆ ಇದೇ ಮಾತ್ರೆ 5 ಮಿಲಿಗ್ರಾಂ ಕೊಟ್ಟಿದ್ದಾರೆ. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವಿಗೆ ಮಾಡುವ ರಕ್ತಪರೀಕ್ಷೆ) ಕಡಿಮೆ ಬಂದಿದೆ. ಖುಷಿ ಪಡಬಹುದಾ?

ಉತ್ತರ: ಈಗಲೇ ಬೇಡ. ಈ ಔಷಧ ಆರು ತಿಂಗಳಲ್ಲಿ ಪಿಎಸ್‌ಎ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 2 ಬಂದರೆ ಅದನ್ನು 4 ಅಂತ ಓದಬೇಕು. ಪರೀಕ್ಷೆ ನೋಡುವ ಡಾಕ್ಟರಿಗೆ ಮಾತ್ರೆಯ ಹೆಸರು ಹೇಳದಿದ್ದರೆ ಕ್ಯಾನ್ಸರ್‌ನ ಸುಳಿವೇ ತಪ್ಪಿಹೋಗಬಹುದು. ಕೂದಲಿಗೆ 1 ಮಿಲಿಗ್ರಾಂ ತಗೊಳ್ಳುವವರಿಗೂ ಇದು ಅನ್ವಯಿಸುತ್ತದೆ.

ಮತ್ತೊಬ್ಬರು (ಬೆಂಗಳೂರು): ಬೋರ್‌ವೆಲ್ ನೀರಿನಿಂದ ಉದುರೋದಲ್ವಾ ಸರ್? ಊರಿಗೆ ಹೋದಾಗ ಕಮ್ಮಿ ಅನ್ನಿಸುತ್ತೆ.

ಉತ್ತರ: ಗಡಸು ನೀರು ಕೂದಲನ್ನು ಒರಟು ಮಾಡಬಹುದು, ತುಂಡಾಗಬಹುದು. ಹಣೆ ಮತ್ತು ನೆತ್ತಿಯನ್ನಷ್ಟೇ ಆರಿಸಿಕೊಂಡು ಬೋಳು ಮಾಡುವುದಿಲ್ಲ. ಫಿಲ್ಟರಿಗೆ ಸಾವಿರಾರು ರೂಪಾಯಿ ಸುರಿದು ಎರಡು ವರ್ಷ ಕಳೆದ ಮೇಲೆ ಬರುವ ಹುಡುಗರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅಷ್ಟರಲ್ಲಿ ಉಳಿಸಬಹುದಾಗಿದ್ದ ಕೂದಲೂ ಹೋಗಿರುತ್ತದೆ.

ಮೊದಲ ಪ್ರಶ್ನೆಯವರು: ಧನ್ಯವಾದ ಡಾಕ್ಟ್ರೇ. ಮೇಜು ಒರೆಸಿದೆ, ಹೆಂಡತಿಗೂ ಎಲ್ಲಾ ಹೇಳಿದೆ. ಅವಳು ಮುಟ್ಟಿಲ್ಲವಂತೆ. ಶನಿವಾರ ಡಾಕ್ಟರ್ ಹತ್ತಿರ ಹೋಗ್ತೀನಿ. ಏನು ತಗೊಂಡು ಹೋಗಲಿ?

ಉತ್ತರ: ಒಳ್ಳೆಯದಾಯಿತು. ಉಳಿದ ಮಾತ್ರೆಯ ಪಟ್ಟಿ, ಶುರು ಮಾಡಿದ ದಿನಾಂಕ, ಎರಡು ವರ್ಷದ ಹಿಂದಿನ ಒಂದು ಫೋಟೋ. ಮದುವೆ ಆಲ್ಬಮ್ ಇದ್ದರೆ ಅದೇ ಸಾಕು, ಹಣೆ ಚೆನ್ನಾಗಿ ಕಾಣುವ ಒಂದನ್ನು ಆರಿಸಿ.