ಗವರ್ನರ್‌ಗೆ ಕನ್ನಡದಲ್ಲಿ ಏನ್ ಹಾಕ್ಲಿ? ರಾಜ್ಯಪಾಲ ಒಗ್ತಿಲ್ಲ (ಅರ್ಜೆಂಟು)

ಎಲ್ರಿಗೂ ನಮಸ್ಕಾರ. ಸಿಡ್ನಿ ನೋಡೋಕ್ ಬರೋ ನಮ್ಮೋರಿಗೆ ಕೊಡೋಕೆ ಲಾಕ್ಲನ್ ಮ್ಯಾಕ್ವಾರಿ ಬಗ್ಗೆ ಒಂದು ಕರಪತ್ರ ಕನ್ನಡಕ್ಕೆ ಮಾಡ್ತಿದೀನಿ, ನಾಳೆ ಪ್ರಿಂಟಿಗೆ ಹೋಗ್ಬೇಕು. ಆಸಾಮಿ ಕಾಲಾಳು ಪಡೆಯ ಅಧಿಕಾರಿ, 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಲಿ ಇದ್ದೋನು, ಆಮೇಲೆ 1810ರಿಂದ 1821ರ ತನಕ ನ್ಯೂ ಸೌತ್ ವೇಲ್ಸ್ ಗವರ್ನರ್ (ಸಿಡ್ನಿ ಇರೋ ಕಡೆ, ಆಗ ಬ್ರಿಟಿಷರು ಕೈದಿಗಳನ್ನ ಸಾಗಿಸ್ತಿದ್ದ ವಸಾಹತು). "ರಾಜ್ಯಪಾಲ" ಅಂದ್ರೆ ರಾಜಭವನದಲ್ಲಿ ಕೂತು ಮಸೂದೆಗೆ ಸಹಿ ಹಾಕೋರು ಕಣ್ಮುಂದೆ ಬರ್ತಾರೆ. ಇವನು ಹಂಗಲ್ಲ, ಕೈದಿಯಾಗಿ ಬಂದಿದ್ದ ವಾಸ್ತುಶಿಲ್ಪಿ ಗ್ರೀನ್‌ವೇ ಕೈಲಿ ಕಟ್ಟಡ ಕಟ್ಟಿಸಿದ, ಶಿಕ್ಷೆ ಮುಗಿಸಿದೋರನ್ನ ಮ್ಯಾಜಿಸ್ಟ್ರೇಟ್ ಮಾಡಿದ, 1816ರಲ್ಲಿ ಮೂಲನಿವಾಸಿಗಳ ಮೇಲೆ ಸೈನ್ಯ ಕಳಿಸಿದ್ದೂ ಇವನೇ, ಸಿಡ್ನಿಯ ನೈಋತ್ಯಕ್ಕಿರೋ ಆ್ಯಪಿನ್ ಹತ್ರ ಕಮ್ಮಿ ಅಂದ್ರೂ 14 ಜನ ಸತ್ರು. ತಡೆಯೋಕೆ ಅಲ್ಲಿ ಶಾಸನಸಭೆನೇ ಇರ್ಲಿಲ್ಲ.

——

ಕರ್ಣಧಾರ. ಗವರ್ನರ್ ಪದದ ಗ್ರೀಕ್ ಮೂಲದಲ್ಲಿ ಹಡಗಿನ ಚುಕ್ಕಾಣಿ ಹಿಡಿಯೋ ಅರ್ಥಾನೇ ಇರೋದು. ನಾನಿದನ್ನ ಇಲ್ಲಿ ಎಷ್ಟು ಸಲ ಹೇಳಿದ್ರೂ ಯಾರೂ ಕಿವಿಗೆ ಹಾಕ್ಕೊಳಲ್ಲ.

——

ಹಾಕ್ಕೊಳ್ದೇ ಇರೋದೇ ವಾಸಿ ಸ್ವಾಮಿ. ಚುಕ್ಕಾಣಿ ಹಿಡಿದೋರು ಮ್ಯಾಕ್ವಾರಿಗಿಂತ ಮುಂಚಿನ ನಾಲ್ಕು ಜನ, ಫಿಲಿಪ್, ಹಂಟರ್, ಕಿಂಗ್, ಬ್ಲೈ, ಎಲ್ಲಾ ನೌಕಾಪಡೆಯೋರು. ಬ್ಲೈನ 1808ರಲ್ಲಿ ಅವನ ಕೈಕೆಳಗಿನ ಸೈನಿಕರೇ ಹಿಡಿದು ಕೂರಿಸಿದ್ಮೇಲೆ ತಾನೇ ಮ್ಯಾಕ್ವಾರಿನ 73ನೇ ರೆಜಿಮೆಂಟ್ ಸಮೇತ ಕಳಿಸಿದ್ದು.

ನನ್ ಕೇಳಿದ್ರೆ ಸುಬೇದಾರ. ಮೊಘಲರ ಕಾಲದಲ್ಲಿ ಸುಬೇದಾರ ಅಂದ್ರೆ ಪ್ರಾಂತ್ಯ ಆಳೋನು, ನಮ್ ಸಿರಾದಲ್ಲೇ ಇದ್ದ. ಕಂಪನಿ ಪಲ್ಟನ್ನಿಗೆ ಬಂದ್ಮೇಲೆ ಬಿಳಿ ಅಧಿಕಾರಿ ಕೆಳಗಿನ ದೇಶೀ ಹುದ್ದೆ ಆಯ್ತು. ಪದ ಗವರ್ನರಿಕೆ ಬಿಟ್ಟು ಸೈನ್ಯ ಸೇರ್ತು, ಮ್ಯಾಕ್ವಾರಿ ಸೈನ್ಯದಿಂದ ಗವರ್ನರಿಕೆಗೆ ಹೋದ.

——

ಚಂದ ಇದೆ, ಆದ್ರೆ ಓದೋರು ಮಿಲಿಟರಿ ಕ್ಯಾಂಟೀನ್ ಸುಬೇದಾರ್ರು ಅನ್ಕೋತಾರೆ. ನಡೆಯಲ್ಲ.

——

ಗ್ರೀಕು, ಸಂಸ್ಕೃತ, ಪಾರಸಿ, ಮೂರು ಊರು ಸುತ್ತಿ ಬಂದ್ರಿ, ಕನ್ನಡದ ಹಟ್ಟಿಗೆ ಮಾತ್ರ ಕಾಲಿಡ್ಲಿಲ್ಲ. "ನಾಡಾಳ್ವ" ಅನ್ನಿ. ಆಳು ಅನ್ನೋ ಧಾತು ಇಟ್ಕೊಂಡು ಸಾಲ ಯಾಕೆ ಎತ್ತಬೇಕು?

——

ಧಾತು ಪದವೂ ಸಾಲದ್ದೇ. ನೀವು ಬರೆದಿರೋದ್ರಲ್ಲಿ ಕನ್ನಡದ್ದೆಷ್ಟು ಅಂತ ಎಣಿಸಿ, ಆಮೇಲೆ ಬೇರೆಯೋರಿಗೆ ಪಾಠ ಮಾಡಿ. ಮದ್ರಾಸ್ ಗವರ್ನರ್ ಮನ್ರೋನ ಬಳ್ಳಾರಿ ಕಡೆ ಯಾರೂ ನಾಡಾಳ್ವ ಅನ್ಲಿಲ್ಲ, ಮನ್ರೋ ಸಾಹೇಬ ಅಂತಿದ್ರು.

——

ಸರಿ, ಜಗಳ ಮುಂದುವರ್ಸಿ, ನಾನು "ಗವರ್ನರ್" ಅಂತ್ಲೇ ಬಿಟ್ಟು ಪಕ್ಕದಲ್ಲಿ "ದೊರೆಯ ಹೆಸರಲ್ಲಿ ವಸಾಹತು ಆಳಿದ ಅಧಿಕಾರಿ" ಅಂತ ಒಂದ್ಸಲ ಹಾಕ್ತೀನಿ. ಇನ್ನೊಂದಿದೆ. 1813ರಲ್ಲಿ ಚಿಲ್ಲರೆಗೆ ತತ್ವಾರ ಆಗಿ ಇವನು 40,000 ಸ್ಪ್ಯಾನಿಷ್ ಡಾಲರ್ ತರಿಸಿ ನಡುವೆ ತೂತು ಹೊಡೆಸಿದ, ಸುತ್ತಿನ ಬಳೆಗೆ 5 ಶಿಲ್ಲಿಂಗು, ನಡುವಿನ ಬಿಲ್ಲೆಗೆ 15 ಪೆನ್ಸು. ಬಳೆಗೆ "ತೂತು ಡಾಲರ್" ಅಂತೀನಿ. ಬಿಲ್ಲೆಗೆ ಬಿಲ್ಲೆ ಅಂದ್ರೇನೇ ಸಾಕಾ? ರಾತ್ರಿ ಒಳಗೆ ಹೇಳಿ, ಗ್ರೀಕ್ ಬೇಡ.